ಸೋರೆಯಿಲ್ಲದ ದಂಡಿಗೆ

1940ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಎಪಿಫೋನ್ ಗಿಟಾರ್ ಕಾರ್ಖಾನೆ ಭಾನುವಾರ ರಜೆ ಇರುತ್ತಿತ್ತು. ಆ ದಿನ ಒಳಗೆ ಹೋಗಿ ಯಂತ್ರಗಳನ್ನು ಬಳಸಲು ಒಬ್ಬ ಯುವಕನಿಗೆ ಅನುಮತಿ ಸಿಕ್ಕಿತ್ತು. ಅವನು ಅಲ್ಲಿ ನಾಲ್ಕಿಂಚು ದಪ್ಪ, ನಾಲ್ಕಿಂಚು ಅಗಲದ ಪೈನ್ ಮರದ ತೊಲೆಯೊಂದಕ್ಕೆ ಗಿಟಾರಿನ ಕತ್ತು ಜೋಡಿಸಿ, ಉಕ್ಕಿನ ತಂತಿ ಬಿಗಿದು, ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ ಎರಡು ಪಿಕಪ್‌ಗಳನ್ನು ಕೂರಿಸಿದ. ಅದಕ್ಕೆ 'ಲಾಗ್' ಅಂತ ಹೆಸರು. ನಮ್ಮ ಮಾತಿನಲ್ಲಿ ದಿಮ್ಮಿ. ಕ್ವೀನ್ಸ್‌ನ ಒಂದು ಕ್ಲಬ್ಬಿಗೆ ಒಯ್ದು ನುಡಿಸಿದರೆ ಕೇಳುಗರು ಸುಮ್ಮನೆ ಕೂತರು. ಆಮೇಲೆ ಅವನು ಒಂದು ಪೊಳ್ಳು ಗಿಟಾರನ್ನು ಗರಗಸದಿಂದ ಉದ್ದಕ್ಕೆ ಎರಡು ಹೋಳು ಮಾಡಿ, ದಿಮ್ಮಿಯ ಆಚೆಗೊಂದು ಈಚೆಗೊಂದು ರೆಕ್ಕೆಯ ಹಾಗೆ ಅಂಟಿಸಿದ. ಆ ರೆಕ್ಕೆಗಳಿಂದ ನಾದಕ್ಕೆ ಏನೂ ಆಗಬೇಕಿರಲಿಲ್ಲ. ಈ ಸಲ ಜನ ಚಪ್ಪಾಳೆ ಹೊಡೆದರು. ಜನ ಕಣ್ಣಿನಿಂದಲೇ ಕೇಳುತ್ತಾರೆ ಎಂದು ಅವನು ಮುಂದೆ ಬಹಳ ಸಲ ನಗುತ್ತ ಹೇಳಿಕೊಂಡಿದ್ದಾನೆ.

ಅವನ ಹೆಸರು ಲೆಸ್ಟರ್ ವಿಲಿಯಂ ಪೋಲ್ಸ್‌ಫಸ್. ಜಗತ್ತಿಗೆ ಗೊತ್ತಿರುವುದು ಲೆಸ್ ಪಾಲ್. ಹುಟ್ಟಿದ್ದು 1915ರ ಜೂನ್ 9ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಎಂಬ ಊರಿನಲ್ಲಿ. ಬಸವಕಲ್ಯಾಣದಲ್ಲಿ ಕೂತು ತತ್ವಪದಗಳ ಗಾಯನ ಪರಂಪರೆಯ ಮೇಲೆ ಪ್ರಬಂಧ ಬರೆಯುತ್ತಿರುವ ನನಗೂ ಅವನಿಗೂ ಏನು ಸಂಬಂಧ ಎಂದು ನನ್ನ ಗೆಳತಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ನಾನು ಮೊದಲು ಈ ಊರಿನ ವಾದ್ಯಗಳ ಮಾತೆತ್ತಬೇಕು.

ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಮೈಯನ್ನೇ ವೀಣೆಯಾಗಿ ಕಲ್ಪಿಸಿಕೊಳ್ಳುತ್ತಾರೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅಂಥವರು ಸಂಗೀತ ಸಭೆಗೆ ತಂದ ವಚನ ಗಾಯನವನ್ನು ಕೇಳಿ ಬೆಳೆದ ಯಾರಿಗೂ ಅದು ಹೊಸದಲ್ಲ. ಭಕ್ತಿಯ ಮಾತನ್ನು ಒಂದು ಗಳಿಗೆ ಬದಿಗಿಟ್ಟು ಅದನ್ನು ವಾದ್ಯ ಮಾಡುವ ಬಡಗಿಯ ಕಣ್ಣಿನಿಂದ ಓದಿದರೆ ಅಲ್ಲಿ ವೀಣೆಯ ಅಂಗಗಳ ಪಟ್ಟಿಯೇ ಇದೆ: ದಂಡಿಗೆ, ಸೋರೆ, ತಂತಿ. ತಂತಿ ಮಿಡಿಯುತ್ತದೆ. ಆದರೆ ಅಷ್ಟು ತೆಳುವಾದ ತಂತಿ ಸರಿಸುವ ಗಾಳಿ ಎಷ್ಟು? ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳದು. ತಂತಿಯ ಅದುರನ್ನು ಸೋರೆಬುರುಡೆ ತನ್ನ ಮೈಗೆ ತೆಗೆದುಕೊಂಡು, ಹೆಚ್ಚು ಗಾಳಿಯನ್ನು ಅಲುಗಿಸಿ, ಅದನ್ನು ನಾದ ಮಾಡಿ ಹೊರಗೆ ಕಳಿಸುತ್ತದೆ. ದಂಡಿಗೆಯದು ಹಿಡಿದು ನಿಲ್ಲಿಸುವ ಕೆಲಸ. ಲೆಸ್ ಪಾಲ್ ಮಾಡಿದ್ದೇನೆಂದರೆ ಸೋರೆಯನ್ನು ಕಿತ್ತು ಹಾಕಿ ದಂಡಿಗೆಯೊಂದನ್ನೇ ಉಳಿಸಿದ್ದು.

ಕಲ್ಯಾಣಕ್ಕೆ ವಾದ್ಯದ ಕೌತುಕ ಹೊಸದಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಇಲ್ಲಿಂದ ಆಳುತ್ತಿದ್ದಾಗ, 1129ರ ಸುಮಾರಿಗೆ, ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಹಾಡು, ವಾದ್ಯ, ಕುಣಿತಗಳಿಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ಅವನ ಮಗ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಬರೆದ. ಅರಮನೆಯ ಹೊರಗೆ, ಶರಣರ ನಡುವೆ, ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯ ಇದ್ದ. ತ್ರಿಪುರಾಂತಕನ ಮುಂದೆ ಕಿನ್ನರಿ ಬಾರಿಸಿ ಹೊನ್ನು ಪಡೆಯುತ್ತಿದ್ದ ಎನ್ನುತ್ತದೆ ಪುರಾಣ. (ಅವನಿಗಾಗಿ ಬಸವಣ್ಣನವರು ಉಳ್ಳಾಗಡ್ಡಿಗೆ ಮರ್ಯಾದೆ ಮಾಡಿದ ಕಥೆಯೂ ಇದೆ, ನಮ್ಮ ಕಡೆ ಊಟಕ್ಕೆ ಕೂತಾಗ ಅದನ್ನು ಹೇಳದ ಹಿರಿಯರಿಲ್ಲ.) ಕಿನ್ನರಿಯೂ ಸೋರೆಬುರುಡೆಗಳ ವಾದ್ಯವೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಾದ ದೊಡ್ಡದಾಗಬೇಕೆಂದರೆ ಸೋರೆ ದೊಡ್ಡದಾಗಬೇಕು, ಇಲ್ಲವೆ ಸಭೆ ಸಣ್ಣದಾಗಬೇಕು. ಮೂರನೆಯ ದಾರಿ ಇರಲಿಲ್ಲ.

ಎಂಟು ನೂರು ವರ್ಷಗಳ ಮೇಲೂ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಮೈಸೂರಿನ ಪಿಟೀಲು ಚೌಡಯ್ಯನವರನ್ನು ನೆನೆಯಿರಿ. ತಿರುಮಕೂಡಲಿನಿಂದ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದವರು, ದಕ್ಷಿಣದ ದೊಡ್ಡ ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿದವರು. ಮೈಕು ಇನ್ನೂ ಕಛೇರಿಗೆ ಬಂದಿರದ ಕಾಲ. ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ ಎಂಬುದು ಅವರನ್ನು ಕಾಡಿತು. 1927ರಲ್ಲಿ ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿದರು. ಮೂರು ತಂತಿಗಳಿಗೆ ಅಷ್ಟಮದ ಜೊತೆ ತಂತಿ ಕೊಟ್ಟರು. ಒಂದು ಸಲ ಕಮಾನು ಎಳೆದರೆ ಎರಡು ಸ್ಥಾಯಿ ಒಟ್ಟಿಗೆ ಮೊಳಗಬೇಕು. ಜೋಡಿ ತಂತಿಗಳನ್ನು ಕೂದಲೆಳೆಯಷ್ಟೂ ಬಿಡದೆ ಶ್ರುತಿಯಲ್ಲಿಡುವುದು, ಎರಡನ್ನೂ ಒಂದೇ ಬೆರಳಿನಡಿ ಒತ್ತುವುದು ಎಷ್ಟು ಕಷ್ಟವೆಂದರೆ ಅವರ ನಂತರ ಅದನ್ನು ಹಿಡಿದವರು ಕೆಲವರೇ. ಮೈಕು ಬಂದ ಮೇಲೆ ಆ ಕಷ್ಟಕ್ಕೆ ಕಾರಣವೂ ಉಳಿಯಲಿಲ್ಲ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ದೊಡ್ಡ ಸಭಾಂಗಣವೇ ಅವರ ಹೆಸರಿನಲ್ಲಿದೆ. ಆದರೆ ಆ ಸಭಾಂಗಣದಲ್ಲಿ ಇಂದು ನುಡಿಸುವವರ ಮುಂದೆಲ್ಲ ಮೈಕು ಇರುತ್ತದೆ.

ಚೌಡಯ್ಯನವರು ತಂತಿ ಕೂಡಿಸುತ್ತಿದ್ದ ಹೊತ್ತಿನಲ್ಲೇ ವಾಕೆಶಾದ ಹುಡುಗ ಅದೇ ತೊಂದರೆಗೆ ಬೇರೆ ಉಪಾಯ ಹುಡುಕುತ್ತಿದ್ದ. ಹೆದ್ದಾರಿ ಬದಿಯ ಒಂದು ಬಾರ್ಬೆಕ್ಯೂ ಅಂಗಡಿಯ ಮುಂದೆ ಹಾಡಿ, ಗಿಟಾರ್ ಬಾರಿಸಿ ಚಿಲ್ಲರೆ ಗಳಿಸುತ್ತಿದ್ದ. ಕಾರಿನಲ್ಲಿ ಕೂತವರಿಗೆ ಹಾಡು ಕೇಳಿಸುತ್ತದೆ, ಗಿಟಾರ್ ಕೇಳಿಸುವುದಿಲ್ಲ ಎಂದರು. ಮನೆಯ ಟೆಲಿಫೋನಿನ ಭಾಗ ಬಿಚ್ಚಿ ಮೈಕು ಮಾಡಿಕೊಂಡ. ಗ್ರಾಮಾಫೋನಿನ ಮುಳ್ಳಿನ ತಲೆಯನ್ನು ಗಿಟಾರಿಗೆ ಚುಚ್ಚಿ ತಾಯಿಯ ರೇಡಿಯೊಗೆ ಜೋಡಿಸಿದ. ನಾದ ದೊಡ್ಡದಾಯಿತು, ಜೊತೆಗೆ ಕೂಗೂ ಶುರುವಾಯಿತು. ಸ್ಪೀಕರಿನ ಸದ್ದಿಗೆ ಗಿಟಾರಿನ ಪೊಳ್ಳು ಹೊಟ್ಟೆ ಅದುರಿ, ಆ ಅದುರು ಮತ್ತೆ ಸ್ಪೀಕರಿಗೆ ಹೋಗಿ, ಸುತ್ತು ಹಾಕಿ ಕಿರುಚುತ್ತಿತ್ತು. ಜಾತ್ರೆಯ ಮೈಕಿನಲ್ಲಿ ನಾವೆಲ್ಲ ಕೇಳಿರುವ ಅದೇ ಕೂಗು. ಹೊಟ್ಟೆಗೆ ಬಟ್ಟೆ ತುರುಕಿ ನೋಡಿದ. ಕೊನೆಗೆ ಎರಡಡಿಯಷ್ಟು ರೈಲು ಹಳಿಯ ತುಂಡಿಗೆ ತಂತಿ ಕಟ್ಟಿ, ಅದರಡಿ ಟೆಲಿಫೋನಿನ ಭಾಗವಿಟ್ಟು ಮೀಟಿದ. ಹಳಿ ಅಲುಗುವುದಿಲ್ಲವಾದ್ದರಿಂದ ತಂತಿಯ ಬಲ ಎಲ್ಲೂ ಸೋರಿಹೋಗಲಿಲ್ಲ. ನಾದ ಬಹಳ ಹೊತ್ತು ನಿಂತಿತು. ತಾಯಿಗೆ ತೋರಿಸಿದರೆ, ಹಳಿ ಹೊತ್ತು ಕುದುರೆ ಮೇಲೆ ಹಾಡುವವನನ್ನು ಸಿನಿಮಾದಲ್ಲಿ ಎಂದಾದರೂ ಕಂಡಿದ್ದೀಯಾ ಎಂಬರ್ಥದ ಮಾತಾಡಿ ಕಳಿಸಿದಳಂತೆ. ಹಳಿಯಿಂದ ಮರಕ್ಕೆ ಬಂದದ್ದು ಹಾಗೆ. (ನಮ್ಮ ಹುಮನಾಬಾದಿಗೆ ಹಳಿ ಬಂದದ್ದೇ ಮೊನ್ನೆ ಮೊನ್ನೆ. ಬೀದರ–ಕಲಬುರಗಿ ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ.)

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಎಲೆಕ್ಟ್ರಿಕ್ ಗಿಟಾರನ್ನು ಕಂಡುಹಿಡಿದವನು ಲೆಸ್ ಪಾಲ್ ಎಂದು ಅಂತರ್ಜಾಲದಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಅದು ಸುಳ್ಳು. 1930ರ ದಶಕದ ಮೊದಲಿಗೇ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಲೋಹದ ಎಲೆಕ್ಟ್ರಿಕ್ ಗಿಟಾರ್ ಮಾಡಿ ಮಾರಿದ್ದರು. ತೊಡೆಯ ಮೇಲಿಟ್ಟು ನುಡಿಸುವ ಆ ಹವಾಯಿಯನ್ ಗಿಟಾರಿಗೆ ಅದರ ಆಕಾರ ನೋಡಿ ಜನ ಬಾಣಲೆ ಎಂದೇ ಕರೆದರು. 1936ರಲ್ಲಿ ಗಿಬ್ಸನ್ ಕಂಪನಿ ತನ್ನದೊಂದನ್ನು ತಂದಿತು. ಗಟ್ಟಿ ಮರದ ಗಿಟಾರನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಮೊದಲು ಇಳಿಸಿದ್ದು 1950ರಲ್ಲಿ ಲಿಯೋ ಫೆಂಡರ್. ಲೆಸ್ ಪಾಲ್ ತನ್ನ ದಿಮ್ಮಿಯನ್ನು ಗಿಬ್ಸನ್‌ಗೆ ತೋರಿಸಿದಾಗ ಪೊರಕೆ ಕಡ್ಡಿಗೆ ಪಿಕಪ್ ಹಾಕಿದ್ದಾನೆಂದು ಅಲ್ಲಿಯವರು ನಕ್ಕಿದ್ದರು. ಫೆಂಡರ್‌ನ ಮಾರಾಟ ನೋಡಿದ ಮೇಲೆ ನಗು ನಿಂತಿತು. 1952ರಲ್ಲಿ ಅವನ ಹೆಸರು ಹೊತ್ತ ಬಂಗಾರ ಬಣ್ಣದ ಗಿಟಾರ್ ಬಂತು. ಅದರ ವಿನ್ಯಾಸದ ಹೆಚ್ಚಿನ ಪಾಲು ಟೆಡ್ ಮೆಕಾರ್ಟಿ ಮತ್ತು ಕಾರ್ಖಾನೆಯವರದು, ಲೆಸ್ ಪಾಲ್‌ನದು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಕಥೆಗಳನ್ನು ಚೆನ್ನಾಗಿ ಹೇಳಬಲ್ಲ ಮನುಷ್ಯ ತೊಂಬತ್ತು ದಾಟಿ ಬದುಕಿದರೆ ಇತಿಹಾಸ ಅವನ ಕಡೆ ವಾಲುತ್ತದೆ. ನಮ್ಮ ಸಾಹಿತ್ಯ ಚರಿತ್ರೆಯಲ್ಲೂ ಇಂಥ ಉದಾಹರಣೆಗಳು ಕಡಿಮೆಯೇನಿಲ್ಲ.

ನನಗೆ ಅವನು ಮುಖ್ಯನಾಗುವುದು ಗಿಟಾರಿನಿಂದಲ್ಲ. ಧ್ವನಿಮುದ್ರಣಕ್ಕೆ ಅವನು ಮಾಡಿದ ಕೆಲಸದಿಂದ.

ಭಾರತಕ್ಕೆ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಬಂದದ್ದು 1902ರಲ್ಲಿ. ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವನ ಕೊಂಬಿನ ಮುಂದೆ ಹಾಡಿದಳು. ಮೂರು, ಮೂರೂವರೆ ನಿಮಿಷದಲ್ಲಿ ರಾಗ ಮುಗಿಯಬೇಕು. ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಸಲಕ್ಕೆ, ತಪ್ಪಿಲ್ಲದೆ. ಕಂಪನಿಯ ಮಾತೇ ಮಾತು. 1930ರ ದಶಕದ ಮೊದಲಿಗೆ ಹುಬ್ಬಳ್ಳಿಯ ಹುಡುಗಿಯೊಬ್ಬಳು ಮುಂಬಯಿಗೆ ಹೋಗಿ ಎಚ್‌ಎಂವಿಗೆ ಹಾಡಿದಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು 'ಗಾಂಧಾರಿ'. ಆಕೆ ಗಂಗೂಬಾಯಿ ಹಾನಗಲ್. ತನ್ನ ಕಂಠ ಯಾವ ಹೆಸರಿನಲ್ಲಿ ಹೊರಬರುತ್ತದೆ ಎಂಬುದೂ ಹಾಡುವವಳ ಕೈಯಲ್ಲಿ ಇರಲಿಲ್ಲ.

ಲೆಸ್ ಪಾಲ್ ಆ ಕೋಣೆಯನ್ನು ಕಂಪನಿಯಿಂದ ಕಿತ್ತು ತನ್ನ ಮನೆಗೆ ತಂದ. ಹಾಲಿವುಡ್ಡಿನ ಮನೆಯ ಗ್ಯಾರೇಜಿನಲ್ಲಿ, ಕ್ಯಾಡಿಲಾಕ್ ಕಾರಿನ ಫ್ಲೈವೀಲನ್ನು ತಿರುಗುತಟ್ಟೆ ಮಾಡಿ, ತಾನೇ ಮುದ್ರಣ ಯಂತ್ರ ಕಟ್ಟಿಕೊಂಡ. ಒಂದು ತಟ್ಟೆಗೆ ಗಿಟಾರ್ ನುಡಿಸಿ ಮುದ್ರಿಸುವುದು. ಅದನ್ನು ಮರಳಿ ಹಾಕಿ, ಅದರ ಜೊತೆ ಇನ್ನೊಂದು ಗಿಟಾರ್ ನುಡಿಸುತ್ತ ಎರಡನ್ನೂ ಎರಡನೆಯ ತಟ್ಟೆಗೆ ಇಳಿಸುವುದು. ಹೀಗೆ ಪದರದ ಮೇಲೆ ಪದರ. ಪ್ರತಿ ಸಲ ಇಳಿಸಿದಾಗಲೂ ಹಿಂದಿನ ಪದರ ಸ್ವಲ್ಪ ಮಸುಕಾಗುತ್ತದೆ. ಆದ್ದರಿಂದ ಮುಖ್ಯವಲ್ಲದ ಭಾಗವನ್ನು ಮೊದಲು, ಮುಖ್ಯ ರಾಗವನ್ನು ಕೊನೆಗೆ ನುಡಿಸಬೇಕು. ನಮ್ಮ ಕಛೇರಿಯ ಕ್ರಮಕ್ಕೆ ಪೂರ್ತಿ ಉಲ್ಟಾ: ಹಿಮ್ಮೇಳ ಮೊದಲು, ಮುಮ್ಮೇಳ ಆಮೇಲೆ. ಕೆಲವು ಪದರಗಳನ್ನು ಯಂತ್ರದ ಅರ್ಧ ವೇಗದಲ್ಲಿ ಮುದ್ರಿಸಿ ಪೂರ್ತಿ ವೇಗದಲ್ಲಿ ಹಾಕಿದ. ಗತಿ ಇಮ್ಮಡಿಯಾಯಿತು, ಸ್ಥಾಯಿ ಒಂದು ಮೇಲೇರಿತು. ಯಾವ ಬೆರಳೂ ನುಡಿಸಲಾರದ ಚಿಟಿಚಿಟಿ ನಾದ ಹುಟ್ಟಿತು. ಹೀಗೆ ಒಬ್ಬನೇ ಎಂಟು ಗಿಟಾರ್ ಆದ 'ಲವರ್' ಎಂಬ ತಟ್ಟೆ 1948ರಲ್ಲಿ ಬಿಡುಗಡೆಯಾಯಿತು. ಇದರಲ್ಲೂ ಅವನೇ ಮೊದಲಿಗನಲ್ಲ. 1941ರಲ್ಲೇ ಸಿಡ್ನಿ ಬೆಶೆ ಒಬ್ಬನೇ ಆರು ವಾದ್ಯ ನುಡಿಸಿ ಇಂಥ ತಟ್ಟೆ ಮಾಡಿದ್ದ. ಆದರೆ ಬೆಶೆಗೆ ಅದು ಒಂದು ದಿನದ ಆಟ. ಲೆಸ್ ಪಾಲ್‌ಗೆ ಅದೇ ಬದುಕಾಯಿತು.

1948 ಎಂದರೆ ನಮ್ಮ ಕಡೆಯವರಿಗೆ ಬೇರೆಯೇ ನೆನಪು. ಆ ವರ್ಷದ ಸೆಪ್ಟೆಂಬರ್ 17ರವರೆಗೆ ಕಲ್ಯಾಣ, ಹುಮನಾಬಾದು ನಿಜಾಮನ ರಾಜ್ಯದಲ್ಲಿದ್ದವು. ಇಲ್ಲಿಯ ಹಾಡುಗಾರರನ್ನು ಹುಡುಕಿಕೊಂಡು ತಟ್ಟೆ ಕಂಪನಿಗಳು ಬಂದ ಗುರುತು ನನ್ನ ಓದಿನಲ್ಲಿ ಈವರೆಗೆ ಸಿಕ್ಕಿಲ್ಲ. ಹಾಡು ಮಾತ್ರ ಧಾರಾಳವಾಗಿತ್ತು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಹುಮನಾಬಾದಿನ ಪಕ್ಕ ನೆಲೆನಿಂತ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದುಸ್ತಾನಿಗಳಲ್ಲಿ ಪದ ಕಟ್ಟಿದರು. ಮಾಣಿಕನಗರದಲ್ಲಿ ದತ್ತ ಜಯಂತಿಗೆ ಇವತ್ತಿಗೂ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಹಳ್ಳಿಗಳಲ್ಲಿ ಅಮಾವಾಸ್ಯೆಗೆ ಭಜನೆ, ಏಕತಾರಿ, ದಮ್ಮಡಿ, ಕಡಕೋಳ ಮಡಿವಾಳಪ್ಪನವರ ಪದಗಳು. ಇವೆಲ್ಲ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಕರಗಿದವು.

ಅದೇ 1948ರ ಜನವರಿಯಲ್ಲಿ ಒಕ್ಲಹೋಮದ ಹಿಮ ಕಟ್ಟಿದ ರಸ್ತೆಯಲ್ಲಿ ಲೆಸ್ ಪಾಲ್‌ನ ಕಾರು ಜಾರಿ ಕೆಳಗುರುಳಿತು. ಬಲ ಮೊಣಕೈ ಪುಡಿಯಾಯಿತು. ಇನ್ನು ಅದು ಮಡಚುವುದಿಲ್ಲ, ಯಾವುದಾದರೂ ಒಂದು ಕೋನದಲ್ಲಿ ಕಾಯಮ್ಮಾಗಿ ನಿಲ್ಲಿಸಬೇಕು ಎಂದರು ವೈದ್ಯರು. ಗಿಟಾರ್ ಹಿಡಿಯಲು ಬರುವ ಕೋನದಲ್ಲಿ ಕೂರಿಸಿ ಎಂದು ಕೇಳಿಕೊಂಡ. ಮುಂದಿನ ಅರವತ್ತು ವರ್ಷ ಆ ಮಡಚಿದ ಕೈಯಲ್ಲೇ ನುಡಿಸಿದ. ಮರುವರ್ಷ ಗಾಯಕ ಬಿಂಗ್ ಕ್ರಾಸ್ಬಿ ಅವನಿಗೊಂದು ಆಂಪೆಕ್ಸ್ ಟೇಪ್ ರೆಕಾರ್ಡರ್ ತಂದುಕೊಟ್ಟ. ಲೆಸ್ ಪಾಲ್ ಅದಕ್ಕೆ ಇನ್ನೊಂದು ಹೆಡ್ಡನ್ನು ಸೇರಿಸಿದ. ಅಳಿಸುವ ಹೆಡ್ಡಿಗೆ ಟೇಪು ತಲುಪುವ ಮುನ್ನವೇ ಹಳೆಯದನ್ನು ಓದಿಕೊಂಡು, ಹೊಸದರ ಜೊತೆ ಬೆರೆಸಿ ಮತ್ತೆ ಅದೇ ಟೇಪಿಗೆ ಬರೆಯುವ ಉಪಾಯ. ಯಂತ್ರ ಒಂದೇ ಸಾಕಾಯಿತು. ಆದರೆ ಹಳೆಯದು ಪ್ರತಿ ಸಲವೂ ಅಳಿಯುತ್ತದೆ. ಹತ್ತನೆಯ ಪದರದಲ್ಲಿ ಎಡವಿದರೆ ಮೊದಲ ಒಂಬತ್ತೂ ಹೋದಂತೆ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಯಂತ್ರದ ಬಳಿ ನಿಂತುಬಿಡುತ್ತಾರೆ. ನಾನು ಮೇರಿ ಫೋರ್ಡ್ ಬಳಿ ನಿಲ್ಲುತ್ತೇನೆ. ಅವಳ ಮೊದಲ ಹೆಸರು ಕೊಲೀನ್ ಸಮ್ಮರ್ಸ್. ಒಳ್ಳೆಯ ಗಿಟಾರ್ ವಾದಕಿ, ಆಮೇಲೆ ಅವನ ಹೆಂಡತಿ. 1951ರಲ್ಲಿ ಒಂಬತ್ತು ವಾರ ಅಮೆರಿಕದ ಮೊದಲ ಸ್ಥಾನದಲ್ಲಿ ನಿಂತ 'ಹೌ ಹೈ ದ ಮೂನ್' ತಟ್ಟೆಯಲ್ಲಿ ಕೇಳುವ ಹೆಣ್ಣು ದನಿಗಳೆಲ್ಲ ಅವಳೊಬ್ಬಳದೇ. ಆಗಿನ ಗಾಯಕರು ಮೈಕಿನಿಂದ ಅಷ್ಟು ದೂರ ನಿಂತು ಹಾಡುತ್ತಿದ್ದರು. ಮೇರಿ ತುಟಿಯ ಹತ್ತಿರಕ್ಕೆ ಮೈಕು ಇಟ್ಟುಕೊಂಡು ಮೆಲ್ಲಗೆ ಹಾಡಿದಳು. ಕಿವಿಯಲ್ಲಿ ಹೇಳಿದ ಹಾಗೆ ಕೇಳುವ ಆ ದನಿ ಇಂದಿನ ಎಲ್ಲ ಭಾವಗೀತೆ, ಸಿನಿಮಾ ಹಾಡುಗಳ ರೂಢಿ. ಈಗಾಗಲೇ ಹಾಡಿಬಿಟ್ಟ ತನ್ನದೇ ದನಿಗೆ ಉಸಿರು, ಕೊಂಕು, ಒತ್ತು ಎಲ್ಲ ಹೊಂದಿಸಿ ಮತ್ತೆ ಹಾಡುವುದು ಯಂತ್ರ ಮಾಡಿದ ಕೆಲಸವಲ್ಲ. ಮೊದಲ ಪದರದಲ್ಲಿ ಏನಿದೆಯೋ ಅದು ಬದಲಾಗದು, ಬದಲಾಗಬೇಕಾದವಳು ಅವಳೇ. 1964ರಲ್ಲಿ ಇಬ್ಬರೂ ಬೇರೆಯಾದರು, 1977ರಲ್ಲಿ ಮೇರಿ ತೀರಿಕೊಂಡಳು. ಗಿಟಾರಿನ ತಲೆಯ ಮೇಲೆ ಅಚ್ಚಾಗಿರುವುದು ಅವನ ಹೆಸರು ಮಾತ್ರ.

ಅಳಿಯುವ ತೊಂದರೆಗೂ ಪರಿಹಾರ ಬಂತು. ಒಂದೇ ಅಗಲ ಟೇಪಿನಲ್ಲಿ ಎಂಟು ಬೇರೆ ಬೇರೆ ಹಾದಿಗಳು, ಒಂದನ್ನು ಕೇಳುತ್ತ ಇನ್ನೊಂದಕ್ಕೆ ಹಾಡಬಹುದು, ಯಾವುದೂ ಅಳಿಯುವುದಿಲ್ಲ. ಆಂಪೆಕ್ಸ್ ಕಂಪನಿಯ ಎಂಜಿನಿಯರುಗಳು ರೂಪಿಸಿದ ಈ ಯಂತ್ರ 1957ರಲ್ಲಿ ಲೆಸ್ ಪಾಲ್ ಮನೆಗೆ ಬಂತು. ಎಂಟು ಕೈಯದೆಂದು ಅದಕ್ಕೆ ಆಕ್ಟೋಪಸ್ ಎಂದು ಹೆಸರಿಟ್ಟರು. ಇವತ್ತು ಲ್ಯಾಪ್‌ಟಾಪಿನ ಪರದೆ ಮೇಲೆ ಒಂದರ ಕೆಳಗೊಂದು ಬಣ್ಣಬಣ್ಣದ ಪಟ್ಟಿಗಳಾಗಿ ಕಾಣುವ ಹಾಡು ಅದೇ ಯಂತ್ರದ ಮೊಮ್ಮಗು.

ಕನ್ನಡಕ್ಕೆ ಇದು ತಡವಾಗಿ ಬಂತು. ಬಹಳ ವರ್ಷ ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ಮದರಾಸಿಗೇ ಹೋಗಬೇಕಿತ್ತು. ಶಂಕರನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದು 1980ರ ದಶಕದಲ್ಲಿ. ಅದೇ ಹೊತ್ತಿಗೆ ಕ್ಯಾಸೆಟ್ಟೂ ಬಂತು. ಸಿ. ಅಶ್ವತ್ಥ್ ಶಿಶುನಾಳ ಶರೀಫರ ಪದಗಳನ್ನು ಊರೂರಿಗೆ ಮುಟ್ಟಿಸಿದ್ದು ಕ್ಯಾಸೆಟ್ಟಿನಿಂದಲೇ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಕಾಲಕ್ಕೆ ಆರ್ಕೆಸ್ಟ್ರಾಗಳು ಬರುತ್ತವೆ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಊರಾದ್ದರಿಂದ ಮರಾಠಿ, ತೆಲುಗು, ಹಿಂದಿ, ಕನ್ನಡ ನಾಲ್ಕೂ ಬೇಕು. ಕನ್ನಡದ ಸರದಿಗೆ 'ಗೀತಾ' ಚಿತ್ರದ ಹಾಡು ಬರದಿದ್ದರೆ ಹುಡುಗರು ಏಳುವುದಿಲ್ಲ. ಗಿಟಾರ್ ಹಿಡಿದವನ ಹಿಂದೆ ಮಕ್ಕಳ ಗುಂಪು. ಆ ಗಿಟಾರಿಗೆ ಹೊಟ್ಟೆ ಇಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ತೋಚಿರಲಿಲ್ಲ.

ಈಗ ನನ್ನ ಕ್ಷೇತ್ರಕಾರ್ಯಕ್ಕೆ ಬರುತ್ತೇನೆ. ಹುಮನಾಬಾದ್ ಸೀಮೆಯಲ್ಲಿ ಈಚಿನ ವರ್ಷಗಳಲ್ಲಿ ಒಂದೇ ಕೋಣೆಯ ಸ್ಟುಡಿಯೊಗಳು ಎದ್ದಿವೆ. ಗೋಡೆಗೆ ಸ್ಪಂಜು, ಒಂದು ಮೈಕು, ಒಂದು ಲ್ಯಾಪ್‌ಟಾಪು. ಭಜನಾ ಮೇಳದವರು ಅಲ್ಲಿ ಪದ ಮುದ್ರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಯಾವ ಕಂಪನಿಯ ಹಂಗೂ ಇಲ್ಲ, ತಮ್ಮ ಪದಕ್ಕೆ ತಮ್ಮದೇ ಹೆಸರು. ಗಂಗೂಬಾಯಿಯವರಿಗೆ ಇಲ್ಲದ ಈ ಸ್ವಾತಂತ್ರ್ಯವನ್ನು ನಾನು ಸಣ್ಣದೆನ್ನಲಾರೆ. ಆದರೆ ಅಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ಮೊದಲು ಕಂಪ್ಯೂಟರಿನ ತಾಳ, ಆಮೇಲೆ ಹಾರ್ಮೋನಿಯಂ, ಆಮೇಲೆ ಮುಮ್ಮೇಳ. ಹಿಮ್ಮೇಳಕ್ಕೆ ಒಬ್ಬ ಹೆಣ್ಣುಮಗಳು ಹಾಡಿದರೆ ಅವಳನ್ನೇ ನಾಲ್ಕು ಸಲ ಹಾಡಿಸಿ ಮೇಳ ಮಾಡುತ್ತಾರೆ. ಒಂದು ಮೇಳದ ಹಿರಿಯ ಮುತ್ಯಾ ಇಂಥ ಕಡೆ ಹೋಗಿ ಬಂದು ನನಗೆ ಹೇಳಿದ್ದು: "ನಾ ಪಲ್ಲ ಎತ್ತಿ ಬಿಟ್ಟೆ ಯವ್ವಾ. ಹಿಂದ ಎತ್ತಿಕೊಳ್ಳೋರೇ ಇಲ್ಲ. ಆಮ್ಯಾಲ ಕೂಡಸ್ತೀವಿ ಅಂದ್ರು. ಹಂಗಾರ ನಾ ಯಾರ ಮಾರಿ ನೋಡಿ ಹಾಡ್ಲಿ?"

ಇದು ಹಳೆಯ ಕಾಲದವರ ಗೊಣಗಾಟವಲ್ಲ. ತತ್ವಪದದ ರಚನೆಯೇ ಎತ್ತಿಕೊಳ್ಳುವುದರ ಮೇಲೆ ನಿಂತಿದೆ. ಮುಂದಿನವರು ಬಿಟ್ಟ ಪಲ್ಲವನ್ನು ಹಿಂದಿನವರು ಹೇಗೆ ಎತ್ತಿಕೊಂಡರು ಎನ್ನುವುದನ್ನು ಕೇಳಿಯೇ ಮುಂದಿನ ನುಡಿಯ ಲಯ ತೀರ್ಮಾನವಾಗುತ್ತದೆ. ಮೇಳ ಬಿಸಿಯಾದ ಹಾಗೆ ಗತಿ ಏರುತ್ತದೆ; ಕಂಪ್ಯೂಟರಿನ ತಾಳ ಏರುವುದಿಲ್ಲ. ಅದಕ್ಕೇ ನಾನು ಮೇಳದ ನಡುವೆ ಎರಡು ಮೈಕು ಇಟ್ಟು, ಎಲ್ಲರನ್ನೂ ಒಟ್ಟಿಗೆ, ಒಂದೇ ಸಲಕ್ಕೆ ಮುದ್ರಿಸುತ್ತೇನೆ. ಎಮ್ಮೆ ಕೂಗಿದ್ದೂ ಬರುತ್ತದೆ. ಬರಲಿ.

ಹೀಗೆ ನಿಯಮ ಮಾಡಿಕೊಂಡವಳ ಮುಂದೆ ಹೋದ ವರ್ಷ ಅದೇ ಮುತ್ಯಾ ಒಂದು ಕ್ಯಾಸೆಟ್ ತಂದಿಟ್ಟರು. ಅವರ ಅಣ್ಣನ ದನಿ. ಮೇಳ ಕಟ್ಟಿದವರು ಅವರೇ, ತೀರಿಕೊಂಡು ಹದಿನೈದು ವರ್ಷದ ಮೇಲಾಗಿದೆ. ಮನೆಯ ಪಡಸಾಲೆಯಲ್ಲಿ ಟೇಪ್ ರೆಕಾರ್ಡರಿನ ಬಟನ್ ಒತ್ತಿ ಒಬ್ಬರೇ ಏಕತಾರಿ ಹಿಡಿದು ಹಾಡಿದ್ದು. ಹಿಮ್ಮೇಳ ಇಲ್ಲ. ಪಲ್ಲ ಬಿಟ್ಟು ಅವರು ಅಷ್ಟು ಹೊತ್ತು ಸುಮ್ಮನಿರುತ್ತಾರೆ; ಏಕತಾರಿಯೊಂದೇ ಕೇಳುತ್ತದೆ. ಮೊಮ್ಮಗಳು, ಈಗ ಕಾಲೇಜಿಗೆ ಹೋಗುವವಳು, ಆ ಖಾಲಿ ಜಾಗಗಳಲ್ಲಿ ತಾನು ಎತ್ತಿಕೊಳ್ಳಬೇಕು, ಅದನ್ನು ಮುದ್ರಿಸಿಕೊಡಿ ಎಂದಳು.

ಸಂಶೋಧಕಿಯಾಗಿ ನನ್ನ ಮೊದಲ ಮಾತು, ಅದು ದಾಖಲೆ, ಮುಟ್ಟಬಾರದು ಎಂದೇ ಇತ್ತು. ಶಾಸನಕ್ಕೆ ಹೊಸ ಸಾಲು ಕೆತ್ತುತ್ತೇವೆಯೇ? ಮುತ್ಯಾ ಒಪ್ಪಲಿಲ್ಲ. "ಮಡಿವಾಳಪ್ಪಗೋಳು ಹೋಗಿ ಎಷ್ಟು ವರ್ಷ ಆತು? ನಾವು ದಿನಾ ಎತ್ತಿಕೊಳ್ಳೋದು ಹೋದವರ ಪದಾನೇ ಅಲ್ಲೇನು?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಕ್ಯಾಸೆಟ್ಟಿನ ಒಂದು ಪ್ರತಿಯನ್ನು ಇದ್ದದ್ದು ಇದ್ದ ಹಾಗೆ ಗಣಕಕ್ಕೆ ಇಳಿಸಿ ಬೀಗ ಹಾಕುವುದು, ಇನ್ನೊಂದರ ಜೊತೆ ಅವಳು ಹಾಡುವುದು ಎಂದು ಗೊತ್ತು ಮಾಡಿಕೊಂಡೆವು. ಅವಳೊಬ್ಬಳನ್ನೇ ಕೂರಿಸಲಿಲ್ಲ. ಇಡೀ ಮೇಳ ಅದೇ ಪಡಸಾಲೆಯಲ್ಲಿ ಕೂತು, ನಡುವೆ ಸ್ಪೀಕರ್ ಇಟ್ಟು, ಅಜ್ಜನನ್ನು ಹಾಡಲು ಬಿಟ್ಟೆವು. ಲೆಸ್ ಪಾಲ್‌ನ ಗ್ಯಾರೇಜಿನ ಪದ್ಧತಿಯೇ: ಒಂದು ಯಂತ್ರದಿಂದ ಹಳೆಯದು, ಅದರ ಜೊತೆ ಹೊಸದು, ಎರಡೂ ಕೂಡಿ ಎರಡನೆಯ ಯಂತ್ರಕ್ಕೆ.

ಮೊದಲ ಸಲ ಶ್ರುತಿ ಕೂಡಲಿಲ್ಲ. ಅಂದು ಮುದ್ರಿಸಿದ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲವಿತ್ತೋ ಏನೋ, ಅಜ್ಜನ ದನಿ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಬೀಳುತ್ತಿತ್ತು. ವೇಗ ಬದಲಿಸಿ ಸರಿಮಾಡಬಹುದು ಎಂದೆ. ಲ್ಯಾಪ್‌ಟಾಪಿನಲ್ಲಿ ಅದು ಒಂದು ಗುಂಡಿಯ ಕೆಲಸ. ಮೊಮ್ಮಗಳು ಬೇಡವೆಂದಳು. ಅವರಪ್ಪ, ಚಿಕ್ಕಪ್ಪ ಎಲ್ಲ ಇಷ್ಟು ವರ್ಷ ಕೇಳಿದ ದನಿ ಈ ವೇಗದ್ದೇ, ಬದಲಿಸಿದರೆ ಅಜ್ಜ ಬೇರೆ ಯಾರೋ ಆಗುತ್ತಾರೆ. ಮುತ್ಯಾ ಹಾರ್ಮೋನಿಯಂ ಮುಚ್ಚಲು ಹೇಳಿದರು. ಗೂಟಕ್ಕೆ ತೂಗುಹಾಕಿದ್ದ ಏಕತಾರಿ ಇಳಿಸಿ, ಸೋರೆಬುರುಡೆಯನ್ನು ಕಿವಿಗೆ ಹತ್ತಿರ ಹಿಡಿದು, ಸ್ಪೀಕರಿನಲ್ಲಿ ಅಣ್ಣನ ದನಿ ಕೇಳುತ್ತ ಬಿರಡೆ ತಿರುಗಿಸುತ್ತ ಹೋದರು. ದನಿ ಕೂಡಿತು ಅನ್ನಿಸಿದಾಗ ಮೊಮ್ಮಗಳ ಕಡೆ ನೋಡಿ ತಲೆ ಆಡಿಸಿದರು. ಮೂರನೆಯ ಸಲಕ್ಕೆ ಪದ ಪೂರ್ತಿ ಬಂತು, ಹನ್ನೊಂದು ನಿಮಿಷ. ದಮ್ಮಡಿಯವರು ಮೂರನೆಯ ನುಡಿಗೆ ಗತಿ ಏರಿಸಲು ಹೋಗಿ, ಅಜ್ಜ ಏರದೆ ಇದ್ದದ್ದು ಕೇಳಿ ಮತ್ತೆ ಇಳಿದದ್ದೂ ಅದರಲ್ಲಿದೆ.

ಲೆಸ್ ಪಾಲ್ ಸಂಧಿವಾತದಿಂದ ಬೆರಳು ಮಡಚದಾದ ಮೇಲೂ ಪ್ರತಿ ಸೋಮವಾರ ರಾತ್ರಿ ನ್ಯೂಯಾರ್ಕಿನ ಒಂದು ಸಣ್ಣ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ. 2009ರ ಆಗಸ್ಟ್‌ನಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಬೇಸಿಗೆಯವರೆಗೂ ಸೋಮವಾರ ತಪ್ಪಿಸಿದ್ದು ಕಡಿಮೆ. ಎಂಟು ಹಾದಿಯ ಯಂತ್ರ ಮನೆಯಲ್ಲೇ ಇತ್ತು. ಕ್ಲಬ್ಬಿಗೆ ಅವನು ಒಯ್ಯುತ್ತಿದ್ದದ್ದು ಒಂದು ಗಿಟಾರ್. ಪಕ್ಕದಲ್ಲಿ ಕೂತು ನುಡಿಸಲು ಎರಡು ಮೂರು ಜನ ಜೊತೆಗಾರರು ಬರುತ್ತಿದ್ದರು.